ನಗಿಸಿದ್ದಕ್ಕೆ ಕೂಲಿ

ನಮ್ಮ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ನಾವೆಲ್ಲ ಮಕ್ಕಳ ಪದ್ಯಗಳಿಂದ ಬಲ್ಲೆವು. ಆದರೆ ಅವರು ಒಳ್ಳೆಯ ಹರಟೆಗಾರರೂ ಹೌದು. 1900ರ ಸುಮಾರಿಗೆ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ 'ನನ್ನ ಚಿಕ್ಕತಾಯಿ', 'ನನ್ನ ಹೆಂಡತಿ' ಎಂದೆಲ್ಲ ಬರೆದು ಓದುಗರನ್ನು ನಗಿಸಿದರು. (ಆ ಚಿಕ್ಕತಾಯಿಯ ಕೈಗೂ ಹೆಂಡತಿಯ ಕೈಗೂ ಲೇಖನಿ ಸಿಕ್ಕಿದ್ದರೆ ಏನು ಬರೆಯುತ್ತಿದ್ದರೋ!) ಆದರೆ ಅವರ ಮನೆಯ ಒಲೆ ಉರಿದದ್ದು ಹರಟೆಯಿಂದಲ್ಲ, ಶಾಲೆಯ ಮಾಸ್ತರಿಕೆಯಿಂದ, ಇನ್ಸ್‌ಪೆಕ್ಟರಿಕೆಯಿಂದ.

ಕನ್ನಡದ ನಗೆಯ ಚರಿತ್ರೆಯುದ್ದಕ್ಕೂ ಇದೇ ಕಥೆ. 1942ರಲ್ಲಿ ಬೆಂಗಳೂರಿನಲ್ಲಿ 'ಕೊರವಂಜಿ'ಯನ್ನು ಆರಂಭಿಸಿ 1967ರ ತನಕ ನಡೆಸಿದ ರಾಶಿಯವರು ವೃತ್ತಿಯಲ್ಲಿ ಡಾಕ್ಟರು. ಅದೇ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮನವರು ಬರೆಯತೊಡಗಿದಾಗ ಅಡುಗೆಮನೆಯ ನಗೆ ಮೊದಲ ಬಾರಿಗೆ ಅಡುಗೆಮನೆಯ ಒಳಗಿನಿಂದಲೇ ಬಂತು. ಗಂಡಸರು ನಮ್ಮನ್ನು ನೋಡಿ ನಗುವುದಕ್ಕೂ ನಾವೇ ನಮ್ಮನ್ನು ನೋಡಿ ನಗುವುದಕ್ಕೂ ಎಷ್ಟು ಅಂತರ! 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೇ. ನಮ್ಮ ಮಂಗಳೂರಿನಲ್ಲಿ ಭುವನೇಶ್ವರಿ ಹೆಗಡೆಯವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತ ನಗೆಬರಹ ಬರೆದರು. ಅರ್ಥಶಾಸ್ತ್ರ ಬಲ್ಲವರೇ ಸಂಬಳದ ಕೆಲಸ ಬಿಡಲಿಲ್ಲವೆಂದ ಮೇಲೆ ಉಳಿದವರ ಮಾತೇನು?

ನಾನು ಬೆಳ್ತಂಗಡಿಗೆ ಸೊಸೆಯಾಗಿ ಬಂದ ಕಾಲಕ್ಕೆ ಮಣಿಪಾಲದಿಂದ 'ತರಂಗ' ಹೊರಡತೊಡಗಿ ಒಂದೆರಡು ವರ್ಷವಾಗಿತ್ತು. ಮನೆಮನೆಯಲ್ಲಿ ವಾರಪತ್ರಿಕೆ ಓದುವ ಹುಚ್ಚು. ನಾನೂ ಒಂದು ಪತ್ರಿಕೆಗೆ ಹರಟೆ ಕಳಿಸಿದೆ, ಜತೆಗೆ ಸ್ವವಿಳಾಸದ ಲಕೋಟೆ. ಎರಡು ತಿಂಗಳ ಮೇಲೆ ನಲವತ್ತು ರೂಪಾಯಿಯ ಮನಿಯಾರ್ಡರ್ ಬಂತು. ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ನಿಂತು ನನ್ನ ಹೆಸರನ್ನೇ ಕೂಗಿದ. ನನ್ನ ಯಜಮಾನರ ಹೆಸರನ್ನಲ್ಲ! ಅತ್ತೆ ಒಳಗಿನಿಂದ, "ಎಂತದು, ತಮಾಷೆ ಬರೆದರೂ ದುಡ್ಡುಂಟೋ?" ಎಂದು ಕೇಳಿದರು. ಆ ದುಡ್ಡಿನಲ್ಲಿ ಒಂದು ಸ್ಟೀಲ್ ಡಬ್ಬ ಕೊಂಡೆ. ಮುಂದೆ ಬಂದ ಮನಿಯಾರ್ಡರುಗಳ ಚೀಟಿಗಳೆಲ್ಲ ಅದರೊಳಗೆ ಸೇರಿದವು. ವರ್ಷದ ಲೆಕ್ಕ ಹಾಕಿದರೆ ಮಲ್ಲಿಗೆ ಮಾರಿದವಳಿಗೆ ನನಗಿಂತ ಹೆಚ್ಚು ಸಿಗುತ್ತಿತ್ತು. ಆದರೂ ಯಾರಲ್ಲೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅದೊಂದೇ.

ಈಗ ಮೂಡುಬಿದಿರೆಯಲ್ಲಿ ಮಗನ ಮನೆಯಲ್ಲಿದ್ದೇನೆ. ಅಂತರಜಾಲದಲ್ಲಿ ಕನ್ನಡದ ಪತ್ರಿಕೆ 'ವಿಶ್ವಕನ್ನಡ' 1996ರಲ್ಲೇ ಬಂದಿತ್ತಾದರೂ ನಾನು ಅತ್ತ ಮುಖ ಮಾಡಿದ್ದು ತೀರಾ ಈಚೆಗೆ, ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ಕಲಿಸಿದ ಮೇಲೆ. ಅಂಚೆಚೀಟಿಯ ಖರ್ಚಿಲ್ಲ, ಎರಡು ತಿಂಗಳು ಕಾಯುವುದೂ ಇಲ್ಲ. ಬೆಳಿಗ್ಗೆ ಕಳಿಸಿದ್ದು ಸಂಜೆಗೆ ಪ್ರಕಟವಾಗಿ, ರಾತ್ರಿಯೊಳಗೆ ಅಮೆರಿಕಾದಿಂದ ಯಾರೋ 'ಸೂಪರ್ ಅಮ್ಮ' ಎಂದು ಬರೆದಿರುತ್ತಾರೆ. ಆದರೆ ದುಡ್ಡು? ಒಂದು ತಾಣ ನನ್ನ ಆರು ಹರಟೆಗಳನ್ನು ಹಾಕಿ ಎರಡಕ್ಕೆ ಮಾತ್ರ ಸಂಭಾವನೆ ಕೊಟ್ಟಿತು. ಉಳಿದ ನಾಲ್ಕಕ್ಕೆ ಎಷ್ಟು ಜನ ಓದಿದರೆಂಬ ಲೆಕ್ಕ ಕಳಿಸಿತು. ಓದಿದವರ ಲೆಕ್ಕವನ್ನು ಅಂಗಡಿಯವನಿಗೆ ತೋರಿಸಿದರೆ ಅವನು ತೆಂಗಿನೆಣ್ಣೆ ಕೊಡುತ್ತಾನೆಯೇ?

ಹಾಗಾಗಿ ಈಗ ಯಾರೇ ಹರಟೆ ಕೇಳಲಿ, ಸಂಭಾವನೆ ಎಷ್ಟೆಂದು ಮೊದಲೇ ವಿಚಾರಿಸುತ್ತೇನೆ. ಮೊನ್ನೆ ಫೋನು ಮಾಡಿದ ಹುಡುಗ ತಬ್ಬಿಬ್ಬಾದ. "ಮೇಡಂ, ಹಾಸ್ಯಕ್ಕೂ ಕೇಳ್ತೀರಾ?" ಎಂದ. ಅತ್ತೆಯ ದನಿಯೇ ಕೇಳಿದಂತಾಗಿ ನಗು ಬಂತು. ನಕ್ಕು ಮುಗಿಸಿ, ಬ್ಯಾಂಕ್ ಖಾತೆಯ ನಂಬರು ಬರೆದುಕೊಳ್ಳಲು ಹೇಳಿದೆ.