ಗಂಟೆ ಬಾರಿಸಿದಾಗ ನಿಂತ ವ್ಯಾಖ್ಯಾನ

ಕಥೋಲಿಕ ಸನ್ಯಾಸಿಮಠಗಳಲ್ಲಿ ಹುಟ್ಟಿದ ಬೈಬಲ್ ಚಿಂತನೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದೈವಶಾಸ್ತ್ರದ ಜಾಡು ಹಿಡಿಯುತ್ತಾರೆ. ಮಠದ ದಿನಚರಿಯ ಜಾಡು ಹಿಡಿದರೆ ಇನ್ನೂ ಹೆಚ್ಚು ತಿಳಿಯುತ್ತದೆ ಎಂದು ನನ್ನ ಅನಿಸಿಕೆ. ಸನ್ಯಾಸಿಯ ಕೈ ಯಾವ ಕೆಲಸದಲ್ಲಿತ್ತು, ಓದಿಗೆ ಎಷ್ಟು ಹೊತ್ತು ಸಿಗುತ್ತಿತ್ತು, ಯಾರ ಎದುರು ಮಾತಾಡಬೇಕಿತ್ತು ಎಂಬುದರ ಪ್ರಕಾರ ಬರಹದ ರೂಪವೂ ಬದಲಾಗುತ್ತ ಬಂದಿದೆ.

ಆರಂಭ ಈಜಿಪ್ಟಿನ ಮರುಭೂಮಿಯಲ್ಲಿ. ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಅಂತೋಣಿ ಎಂಬ ಯುವಕ ಚರ್ಚಿನಲ್ಲಿ ಮತ್ತಾಯನ ಶುಭಸಂದೇಶದ ಒಂದು ಮಾತು ಕೇಳಿದ: ಇದ್ದುದನ್ನು ಮಾರಿ ಬಡವರಿಗೆ ಹಂಚು ಎಂಬ ಮಾತು. ಹೊಲ ಮಾರಿ ಹೊರಟೇಬಿಟ್ಟ. (ನಮ್ಮ ಡೋರನಹಳ್ಳಿಯ ಸಂತ ಅಂತೋಣಿ ಪಾದುವಾದವರು, ಇವರು ಬೇರೆ.) ಅವರ ಹಿಂದೆ ಬಂದವರಿಗೆ ಪುಸ್ತಕ ದುಬಾರಿ. ಖರ್ಜೂರದ ಗರಿಯ ಬುಟ್ಟಿ ಹೆಣೆಯುತ್ತ, ಬಾಯಿಪಾಠ ಮಾಡಿಕೊಂಡ ವಚನವನ್ನು ದಿನವಿಡೀ ಮೆಲುಕು ಹಾಕುವುದೇ ಅವರ ಓದು. ಅದೇ ಈಜಿಪ್ಟಿನಲ್ಲಿ ಪಕೋಮಿಯಸ್ ಕಟ್ಟಿದ ಮಠಗಳಲ್ಲಂತೂ ಅಕ್ಷರ ಬಾರದವರೂ ಕಲಿಯಲೇಬೇಕು, ಕೀರ್ತನೆಗಳನ್ನು ಕಂಠಸ್ಥ ಮಾಡಲೇಬೇಕು. ಕಿರಿಯರು ಹಿರಿಯರ ಬಳಿ ಬಂದು ಒಂದು ಮಾತು ಕೇಳುತ್ತಿದ್ದರು. ಉತ್ತರ ಒಂದೆರಡು ವಾಕ್ಯ, ಅಷ್ಟೇ. ಮರುಭೂಮಿಯ ಪಿತೃಗಳ ನುಡಿಗಳು ಅಷ್ಟು ಚಿಕ್ಕವಾಗಿರುವುದು ಅದಕ್ಕೇ. ಅಲ್ಲಿ ವರ್ಷಗಟ್ಟಲೆ ಇದ್ದು ಬಂದ ಜಾನ್ ಕಾಸಿಯನ್ ಮಾರ್ಸೆಲ್ಸ್‌ನಲ್ಲಿ ಕೂತು ಬರೆದ 24 ಸಂವಾದಗಳಿಂದ ಈ ಬಾಯಿಮಾತು ಯುರೋಪಿನ ಗ್ರಂಥವಾಯಿತು.

ಆ ಯುರೋಪಿನ ಮಠಗಳಿಗೆ ನಿಯಮ ಬರೆದ ಬೆನೆಡಿಕ್ಟರು (ಸು. 480–547) ದಿನವನ್ನೇ ಭಾಗ ಮಾಡಿಕೊಟ್ಟರು: ಪ್ರಾರ್ಥನೆ, ಓದು, ಕೈಕೆಲಸ. ಅವರ ನಿಯಮದ 73 ಅಧ್ಯಾಯಗಳಲ್ಲಿ 48ನೆಯದು ಓದಿನ ವೇಳೆಯನ್ನು ಗೊತ್ತುಮಾಡುತ್ತದೆ. ವಾರಕ್ಕೊಮ್ಮೆ 150 ಕೀರ್ತನೆಗಳೂ ಮುಗಿಯಬೇಕು. ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಸ್ತಕ, ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದಿನ ಹೊತ್ತಿನಲ್ಲಿ ಯಾರು ಹರಟುತ್ತಿದ್ದಾರೆ ಎಂದು ನೋಡಲು ಹಿರಿಯರು ಮಠ ಸುತ್ತಬೇಕಿತ್ತು. ಬೆನೆಡಿಕ್ಟರಿಗೆ ತಮ್ಮವರ ಸ್ವಭಾವ ಚೆನ್ನಾಗಿ ಗೊತ್ತಿತ್ತು ಎನ್ನಬೇಕು. ಉಗ್ರಾಣದವನು ಮಠದ ಪಾತ್ರೆ ಪಡಗಗಳನ್ನು ಬಲಿಪೀಠದ ಪಾತ್ರೆಗಳಂತೆ ಕಾಣಬೇಕೆಂದು ಅವರು ಬರೆದದ್ದು ಮುಂದಿನ ಸಾವಿರ ವರ್ಷಗಳ ಬರಹಕ್ಕೆ ಬೀಜವಾಯಿತು.

910ರಲ್ಲಿ ಹುಟ್ಟಿದ ಕ್ಲೂನಿ ಮಠದಲ್ಲಿ ಗಾಯನ ಬೆಳೆದು ಕೈಕೆಲಸ ಬಹುಮಟ್ಟಿಗೆ ಕರಗಿಹೋಯಿತು. 1098ರಲ್ಲಿ ಸಿತೋದಲ್ಲಿ ಶುರುವಾದ ಸಿಸ್ಟರ್ಸಿಯನ್ನರು ಮತ್ತೆ ಗುದ್ದಲಿ ಹಿಡಿದರು. ಅವರಲ್ಲಿ ದೊಡ್ಡವರು ಕ್ಲೇರ್ವೋದ ಬರ್ನಾರ್ಡ್. ಬೈಬಲಿನ ಪರಮಗೀತೆಯ ಮೇಲೆ 1135ರಲ್ಲಿ ಪ್ರಬೋಧನೆ ಆರಂಭಿಸಿದ ಅವರು 1153ರಲ್ಲಿ ತೀರಿಕೊಂಡಾಗ 86 ಮುಗಿದಿದ್ದವು. ತಲುಪಿದ್ದು ಮಾತ್ರ ಮೂರನೆಯ ಅಧ್ಯಾಯದ ಹೊಸ್ತಿಲು! ಅವಸರವಿಲ್ಲದ ಓದು ಎಂದರೆ ಇದು. ಆದರೂ ಮೊದಲ ಪ್ರಬೋಧನೆ ಮುಗಿಯುವುದೇ ಕೈಕೆಲಸದ ವೇಳೆಯಾಯಿತು ಎಂಬ ಕಾರಣದಿಂದ. 26ನೆಯದು ಇನ್ನೂ ವಿಚಿತ್ರ. ಕೇದಾರಿನ ಗುಡಾರಗಳ ಅರ್ಥ ಬಿಡಿಸುತ್ತಿದ್ದವರು ತಟ್ಟನೆ ನಿಲ್ಲಿಸಿ, ಆಗತಾನೆ (1138) ತೀರಿಕೊಂಡ ಒಡಹುಟ್ಟಿದ ಗೆರಾರ್ಡನಿಗಾಗಿ ಅಳತೊಡಗುತ್ತಾರೆ. ಗೆರಾರ್ಡ್ ಆ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಲೆಕ್ಕ, ಕಾಳು, ಕಟ್ಟಡ ಎಲ್ಲ ಅವನೇ ಹೊತ್ತಿದ್ದರಿಂದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಗ್ರಂಥದೊಳಗೆ ಇಳಿಯಲು ಪುರಸೊತ್ತು ಸಿಕ್ಕಿತ್ತು. ಅದನ್ನು ಬರ್ನಾರ್ಡರೇ ಒಪ್ಪಿಕೊಳ್ಳುತ್ತಾರೆ. ಈ ಪರಂಪರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪುಟಗಳಿವು.

ಅದೇ ಶತಮಾನದಲ್ಲಿ ಕಾರ್ತೂಸಿಯನ್ ಮಠದ ಎರಡನೆಯ ಗೀಗೊ, ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲಿನ ಏಣಿ ಬರೆದ. ಒಂಟಿ ಕೋಣೆಯಲ್ಲಿ ಬದುಕುವವನಿಗೆ ಹೊಂದುವ ಅಚ್ಚುಕಟ್ಟು ಅದು. ಇಂದಿನ ಧ್ಯಾನಕೂಟಗಳಲ್ಲಿ ಹೆಚ್ಚು ಬಳಕೆಯಾಗುವುದೂ ಇದೇ, ಕೊಂಚ ಯಾಂತ್ರಿಕವಾಗಿ.

ಸ್ತ್ರೀಮಠಗಳ ಕತೆ ಬೇರೆ. 1559ರ ಸ್ಪೇನಿನ ನಿಷೇಧಪಟ್ಟಿ ಜನಭಾಷೆಯ ಭಕ್ತಿಗ್ರಂಥಗಳನ್ನು ಕಿತ್ತುಕೊಂಡಿತು. ಲ್ಯಾಟಿನ್ ಕಲಿಯದ ಆವಿಲಾದ ತೆರೇಸಾ ಪರಮಗೀತೆಯ ಮೇಲೆ ಬರೆದರೂ, ಪಾಪನಿವೇದನೆ ಕೇಳುವ ಗುರು ಸುಡಲು ಹೇಳಿದಾಗ ಸುಟ್ಟರು. ಉಳಿದದ್ದು ಬೇರೆಯವರ ಬಳಿಯಿದ್ದ ಪ್ರತಿಗಳಿಂದ. ವಿಧೇಯತೆ ಅಡುಗೆಮನೆಗೆ ಕಳಿಸಿದರೆ ಪ್ರಭು ಅಲ್ಲಿಯೂ ಇದ್ದಾನೆ ಎಂದು ಧರ್ಮಭಗಿನಿಯರಿಗೆ ಧೈರ್ಯ ಹೇಳಿದವರು ಇವರೇ. ಲಿಸಿಯೋದ ತೆರೇಸಾ (1873–1897) ಬಳಿ ಇಡೀ ಹಳೆಯ ಒಡಂಬಡಿಕೆಯೇ ಇರಲಿಲ್ಲ. ಅಕ್ಕ ನಕಲು ಮಾಡಿಕೊಂಡು ತಂದಿದ್ದ ನೋಟ್‌ಬುಕ್ಕೇ ಆಧಾರ. ಬಟ್ಟೆ ಒಗೆಯುವಾಗ ಎದುರಿನವಳು ಎರಚುವ ಕೊಳಕು ನೀರು, ಪ್ರಾರ್ಥನೆಯಲ್ಲಿ ಹಿಂದಿನವಳು ಮಾಡುವ ಕಿರಿಕಿರಿ ಸದ್ದು — ಇವೇ ಆಕೆಗೆ ಪ್ರೀತಿಯ ಆಜ್ಞೆಯ ವ್ಯಾಖ್ಯಾನ. ವಿದ್ವಾಂಸರ ಪುಟಗಳಲ್ಲಿ ಈ ಬಿಸುಪು ಸಿಗುವುದು ಅಪರೂಪ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಬೋಧನೆಯ ಜಾಗಕ್ಕೆ ದಿನಚರಿ ಪುಸ್ತಕ ಬಂತು. ಅಮೆರಿಕದ ಗೆತ್ಸೆಮನಿ ಮಠದ ಥಾಮಸ್ ಮರ್ಟನ್ 1953ರಲ್ಲಿ ಪ್ರಕಟಿಸಿದ ‘ದ ಸೈನ್ ಆಫ್ ಜೋನಾಸ್’ ಮುಗಿಯುವುದು ಬೆಂಕಿ ಕಾವಲಿನ ರಾತ್ರಿಪಾಳಿಯಲ್ಲಿ ಮಠ ಸುತ್ತುವುದರೊಂದಿಗೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಗ್ರಂಥಪಠಣವನ್ನು ಎಲ್ಲ ವಿಶ್ವಾಸಿಗಳಿಗೂ ಶಿಫಾರಸು ಮಾಡಿದ ಮೇಲೆ ಮಠದ ಸ್ವತ್ತು ಮನೆಮನೆಗೆ ಹೋಯಿತು.

ಕರ್ನಾಟಕದ ಕೊಂಡಿ ಸಣ್ಣದು, ಆದರೆ ನಿಜದ್ದು. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಕಾರ್ಮೆಲ್ ಮಠ ಕಟ್ಟಿದ ಸನ್ಯಾಸಿನಿಯರಲ್ಲಿ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ ಒಬ್ಬರು; ಓದುಬರಹ ಅಷ್ಟಕ್ಕಷ್ಟೆ, ಆಡಿದ್ದನ್ನು ಬೇರೆಯವರು ಬರೆದುಕೊಂಡರು. 2015ರಲ್ಲಿ ಸಂತಪದವಿ ಸಿಕ್ಕಿತು. ಇಂಗ್ಲೆಂಡಿನ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಲು ನೋಡಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಅದು ಕೈಗೂಡದೆ ಕೇರಳಕ್ಕೆ, 1968ರಲ್ಲಿ ಕಾವೇರಿ ದಡದ ಶಾಂತಿವನ ಆಶ್ರಮಕ್ಕೆ ಹೋದರು. ಅಲ್ಲಿ ಪ್ರಾರ್ಥನೆಯಲ್ಲಿ ಬೈಬಲ್ ಜೊತೆ ಉಪನಿಷತ್ತೂ ಸೇರಿತು. ಆಶ್ರಮದವರ ಎದುರು ಭಗವದ್ಗೀತೆಯ ಮೇಲೆ ಅವರು ಆಡಿದ ಮಾತುಗಳು 1987ರಲ್ಲಿ ‘ರಿವರ್ ಆಫ್ ಕಂಪ್ಯಾಶನ್’ ಎಂಬ ಪುಸ್ತಕವಾದವು. ಕೆಲವು ಕಥೋಲಿಕರಿಗೆ ಇದು ಎಲ್ಲೆ ಮೀರಿದಂತೆ ಕಂಡಿತು. ಕೆಲವು ಹಿಂದೂಗಳಿಗೆ ಕಾವಿಯೊಳಗಿನ ಮತಪ್ರಚಾರದಂತೆ. ಎರಡೂ ಕಡೆಯ ಆಕ್ಷೇಪಗಳು ಇನ್ನೂ ನಿಂತಿಲ್ಲ.