ಭಾಷೆ ತಿಳಿಯದ ಕಿವಿ: ಮುಂಬೈಯ ಇಂಡಿ ಸಂಗೀತದಲ್ಲಿ ಹೊಸ ದನಿಗಳ ಶೋಧ

'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತಂಡದ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ಬೆಂಗಳೂರಿನ ಕಂಪನಿಯಿಂದಲ್ಲ, ಮುಂಬೈಯ ಲೇಬಲ್‌ನಿಂದ. ಮೈಸೂರಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ತಂಡ ಕಟ್ಟಿ, ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿ ವರ್ಷಗಟ್ಟಲೆ ಬರಿಗೈಯಲ್ಲಿ ಮರಳುತ್ತಿದ್ದ ಗಾಯಕ ರಘು ದೀಕ್ಷಿತ್ ಅವರನ್ನು ಮುಂಬೈಯ ಕಾರ್ಯಕ್ರಮವೊಂದರಲ್ಲಿ ನೇರವಾಗಿ ಕೇಳಿ ಮೆಚ್ಚಿದವರು ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ಆಲ್ಬಮ್ ಪ್ರಕಟಿಸಿದ್ದೂ ಅವರದೇ ಕೌಂಟರ್ ಕಲ್ಚರ್ ರೆಕಾರ್ಡ್ಸ್. ಹಿಂದಿ, ಇಂಗ್ಲಿಷ್ ಹಾಡುಗಳ ಮಗ್ಗುಲಲ್ಲೇ ಅದರಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ತತ್ವಪದವಿದೆ. ಮುಂಬೈಯಲ್ಲಿ ಪವಾಡವೊಂದಕ್ಕಾಗಿ ಕಾಯುತ್ತಿರುವವನ ಇಂಗ್ಲಿಷ್ ಹಾಡೂ ಇದೆ. ಎರಡೇ ವರ್ಷಗಳಲ್ಲಿ, 2010ರಲ್ಲಿ, ಈ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅದೃಷ್ಟದ ಕತೆಯಾಗಿ ಹೇಳುತ್ತಾರೆ. ನನಗೆ ಅದು ವ್ಯವಸ್ಥೆಯೊಂದರ ಫಲವಾಗಿ ಕಾಣುತ್ತದೆ. ವಿಶಾಲ್ ದದ್ಲಾನಿ ಸಿನಿಮಾಕ್ಕೆ ಹೆಸರಾಗುವ ಮೊದಲೇ, 1994ರಲ್ಲಿ ಹುಟ್ಟಿದ ಪೆಂಟಗ್ರಾಮ್ ಎಂಬ ಮುಂಬೈ ರಾಕ್ ತಂಡದ ಗಾಯಕ. ಸಣ್ಣ ವೇದಿಕೆಯ ಕಷ್ಟ ಬಲ್ಲವನೊಬ್ಬ, ಕೆಲವು ಹಾಡುಗಳ ಭಾಷೆ ತನಗೆ ಬಾರದಿದ್ದರೂ, ಅವುಗಳ ಕಸುವನ್ನು ಗುರುತಿಸಿದ. ಮುಂಬೈಯ ಇಂಡಿ, ಅಂದರೆ ಸಿನಿಮಾದ ಹೊರಗಿನ ಸ್ವತಂತ್ರ ಸಂಗೀತದಲ್ಲಿ, ಹೊಸ ಕಲಾವಿದರು ಬೆಳಕಿಗೆ ಬಂದ ಬಗೆಯನ್ನು ಹಿಂದಿರುಗಿ ನೋಡಿದರೆ ಈ ಎರಡು ಅಂಶಗಳು ಮತ್ತೆ ಮತ್ತೆ ಎದುರಾಗುತ್ತವೆ: ಬೇರೆ ಬೇರೆ ಭಾಷೆಯ ಕೇಳುಗರು ಒಟ್ಟಿಗೆ ನಿಲ್ಲಬಹುದಾದ ಒಂದು ಜಾಗ, ಮತ್ತು ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವ ಒಬ್ಬ ನಂಬಿಕಸ್ಥ. ಎರಡರಲ್ಲಿ ಒಂದು ತಪ್ಪಿದರೂ ಒಳ್ಳೆಯ ಹಾಡು ಹಾಡಿದವನ ಕೋಣೆಯಲ್ಲೇ ಉಳಿಯುತ್ತದೆ.

ಜಾಗದ ಚರಿತ್ರೆ ಧೋಬಿ ತಲಾವ್‌ನ ರಂಗಭವನವನ್ನು ಬಿಟ್ಟು ಮುಂದೆ ಹೋಗಲಾರದು. ಫರ್ಹಾದ್ ವಾಡಿಯಾ 1986ರಲ್ಲಿ ಆರಂಭಿಸಿದ ಇಂಡಿಪೆಂಡೆನ್ಸ್ ರಾಕ್ ಉತ್ಸವಕ್ಕೆ ಹೆಸರು ತಂದುಕೊಟ್ಟದ್ದು ಈ ಬಯಲು ರಂಗಮಂದಿರ. ಆ ಕಾಲದ ಕಾಲೇಜು ಕೇಳುಗರಿಗೆ ಬೇಕಿದ್ದದ್ದು ಕವರ್, ಅಂದರೆ ವಿದೇಶಿ ತಂಡಗಳ ಹಾಡನ್ನು ಯಥಾವತ್ತಾಗಿ ನುಡಿಸುವುದು. ಅಂಥ ಕೇಳುಗರೆದುರು ಸ್ವಂತ ಹಾಡು ಹಾಡಲು ಎದೆಗಾರಿಕೆ ಬೇಕಿತ್ತು. ಮುಂದೆ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡ ರಾಕ್ ಮೆಷೀನ್ 1988ರಲ್ಲಿ ತನ್ನದೇ ಹಾಡುಗಳ ಆಲ್ಬಮ್ ತಂದಿತು. ಉದಯ್ ಬೆನೆಗಲ್ ಅವರ ಕಂಠಕ್ಕಿಂತ ಹೆಚ್ಚಾಗಿ ಈ ಹಟವೇ ಆ ತಂಡದ ದೊಡ್ಡ ಕೊಡುಗೆಯೆಂದು ನಾನು ಭಾವಿಸುತ್ತೇನೆ: ಎಂದೂ ಕೇಳಿರದ ಹಾಡಿಗೆ ತಾಳ್ಮೆಯಿಂದ ಕಿವಿಗೊಡುವುದನ್ನು ಅದು ಜನರಿಗೆ ರೂಢಿಮಾಡಿಸಿತು. ಆ ರೂಢಿಯಿಲ್ಲದ ಊರಿನಲ್ಲಿ ಹೊಸಬರ ಶೋಧ ಎಂಬ ಮಾತೇ ಹುಟ್ಟದು.

ರಂಗಭವನವನ್ನು ಮೌನವಾಗಿಸಿದ್ದು ರಸಿಕರ ಕೊರತೆಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಸುತ್ತ ಆಸ್ಪತ್ರೆಗಳೂ ಕಾಲೇಜುಗಳೂ ಇರುವ ಧೋಬಿ ತಲಾವ್ ಆ ವಲಯದೊಳಗೆ ಸಿಕ್ಕಿಬಿತ್ತು. ರೋಗಿಗಳ ನಿದ್ದೆ ಸಣ್ಣ ಸಂಗತಿಯಲ್ಲ, ನಿಯಮವನ್ನು ನಾನು ದೂರುವುದಿಲ್ಲ. ಆದರೆ ಬಡ ವಿದ್ಯಾರ್ಥಿಯೂ ಲೋಕಲ್ ರೈಲು ಹಿಡಿದು ಬರಬಹುದಾಗಿದ್ದ ಆ ಬಯಲಿಗೆ ಬದಲಿ ಜಾಗವನ್ನು ನಗರ ಕೊಡಲಿಲ್ಲ. ಸಂಗೀತ ಹೋಟೆಲು, ಪಬ್‌ಗಳ ಒಳಗೆ ಸರಿಯಿತು. 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಹಾಕಿದ ಗಿರಣಿಗಳ ನೆಲದಲ್ಲೇ ಹೊಸ ವೇದಿಕೆಗಳು ಎದ್ದವು. ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಆವರಣದಲ್ಲಿ 2007ರ ಡಿಸೆಂಬರ್‌ನಲ್ಲಿ ತೆರೆದ ಬ್ಲೂಫ್ರಾಗ್, ವಾದ್ಯಗಳ ಧ್ವನಿಗಾಗಿಯೇ ಕಟ್ಟಿದ ಸಭಾಂಗಣ. ಅದು 2016ರ ಆಗಸ್ಟ್‌ನಲ್ಲಿ ಮುಚ್ಚಿತು. ಅದೇ ವರ್ಷದ ಆರಂಭದಲ್ಲಿ ಕಾಲಾಘೋಡಾದ ಸಂಗೀತ ಮಳಿಗೆ ರಿದಮ್ ಹೌಸ್ ಕೂಡ ಕದ ಹಾಕಿತ್ತು. ಗಲ್ಲಾದ ಆಚೆ ನಿಂತು 'ಇದನ್ನೊಮ್ಮೆ ಕೇಳಿ ನೋಡಿ' ಎನ್ನುವ ಅಂಗಡಿಯವರೂ ಶೋಧಕರೇ ಆಗಿದ್ದರೆಂಬುದು ಇತಿಹಾಸ ಬರೆಯುವವರಿಗೆ ತಡವಾಗಿ ಹೊಳೆಯುತ್ತದೆ.

ಉಪನಗರಗಳ ಹುಡುಗರು ಈ ವೇದಿಕೆಗಳಿಗಾಗಿ ಕಾದು ಕೂರಲಿಲ್ಲ. ಕುರ್ಲಾದ ರ್‍ಯಾಪರ್ ನೇಜಿ 2014ರಲ್ಲಿ 'ಆಫತ್' ಹಾಡನ್ನು ಐಪ್ಯಾಡ್ ಒಂದರಲ್ಲೇ ಮುದ್ರಿಸಿ, ಅದರಲ್ಲೇ ಚಿತ್ರಿಸಿ ಯೂಟ್ಯೂಬಿಗೆ ಏರಿಸಿದ. ಅಂಧೇರಿಯ ಜೆ.ಬಿ. ನಗರದ ರ್‍ಯಾಪರ್ ಡಿವೈನ್ ಜೊತೆ ಸೇರಿ 2015ರಲ್ಲಿ 'ಮೇರೆ ಗಲ್ಲಿ ಮೇ' ತಂದ. ಯಂತ್ರವೇ ಶೋಧಕನಾಯಿತು ಎಂದು ಇಲ್ಲಿ ಅನ್ನಿಸಬಹುದು. ಆದರೆ ನಿರ್ದೇಶಕಿ ಜೋಯಾ ಅಖ್ತರ್ 'ಆಫತ್' ವಿಡಿಯೊ ನೋಡಿದ್ದು ತಮ್ಮ ಸಂಕಲನಕಾರರು ತೋರಿಸಿದ್ದರಿಂದ. ಅಲ್ಲಿಂದ ಬೆಳೆದದ್ದು 'ಗಲ್ಲಿ ಬಾಯ್' ಚಿತ್ರ. ಯೂಟ್ಯೂಬ್ ಹಾಡನ್ನು ಇಟ್ಟುಕೊಂಡಿತ್ತು, ಕೈಗೆ ಕೊಟ್ಟವನು ಮನುಷ್ಯ.

'ಗಲ್ಲಿ ಬಾಯ್' ತೆರೆಕಂಡ 2019ರ ಫೆಬ್ರವರಿಯಲ್ಲೇ ಸ್ಪಾಟಿಫೈ ಎಂಬ ಸ್ಟ್ರೀಮಿಂಗ್ ಆ್ಯಪ್ ಭಾರತಕ್ಕೆ ಬಂತು. ಸ್ಟ್ರೀಮಿಂಗ್ ಆ್ಯಪ್‌ಗಳ ಶಿಫಾರಸು ನಡೆಯುವುದು ಬಹುಮಟ್ಟಿಗೆ ಹಳೆಯ ಆಲಿಕೆಯ ಲೆಕ್ಕದ ಮೇಲೆ: ನಿಮ್ಮಂಥವರು ಕೇಳಿದ್ದನ್ನು ನಿಮಗೂ ಕೊಡುತ್ತವೆ. ಯಾರೂ ಕೇಳದ ಹಾಡಿಗೆ ಆ ಲೆಕ್ಕದಲ್ಲಿ ಜಾಗವೇ ಕಡಿಮೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಖಾತೆ ತೆರೆಯುತ್ತಿದ್ದಂತೆ ಹಲವು ಆ್ಯಪ್‌ಗಳು ನಿಮ್ಮ ಭಾಷೆ ಯಾವುದೆಂದು ಕೇಳುತ್ತವೆ. ಹಿಂದಿ ಎಂದವನಿಗೆ ಶರೀಫರ ತತ್ವಪದ ಸಿಗುವ ದಾರಿ ಅಲ್ಲೇ ಕಿರಿದಾಗುತ್ತದೆ. ಕನ್ನಡ ಎಂದವನಿಗೆ ಸಿನಿಮಾ ಹಾಡುಗಳ ಪ್ರವಾಹದಲ್ಲಿ ಸ್ವತಂತ್ರ ಗಾಯಕ ಕೊಚ್ಚಿಹೋಗುತ್ತಾನೆ. ಒಂದೇ ಆಲ್ಬಮಿನಲ್ಲಿ ಮೂರು ಭಾಷೆ ಇಟ್ಟು ಮೂರೂ ಬಗೆಯ ಕೇಳುಗರನ್ನು ಗೆದ್ದ 2008ರ ಆ ಆಲ್ಬಮನ್ನು ಇಂದಿನ ವಿಂಗಡಣೆ ಹಾಡು ಹಾಡಾಗಿ ಬಿಡಿಸಿ ಬೇರೆ ಬೇರೆ ಕಪಾಟಿಗೆ ಹಾಕುತ್ತದೆ.

ಮುಂಬೈ ಕನ್ನಡಿಗರ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮಾಟುಂಗದ ಮೈಸೂರು ಅಸೋಸಿಯೇಶನ್ ಸ್ಥಾಪನೆಯಾದದ್ದು 1926ರಲ್ಲಿ, ಮಾಹಿಮ್‌ನ ಕರ್ನಾಟಕ ಸಂಘ 1933ರಲ್ಲಿ. ಯಕ್ಷಗಾನ, ನಾಟಕ, ಭಾವಗೀತೆಗಳನ್ನು ಅರಬ್ಬೀ ಸಮುದ್ರದ ಈ ದಂಡೆಯಲ್ಲಿ ಉಳಿಸಿದ ಸಂಘಗಳ ಋಣ ದೊಡ್ಡದು. ಆದರೆ ಅಲ್ಲಿನ ಪ್ರೇಕ್ಷಕರು ಹೆಚ್ಚಾಗಿ ಕನ್ನಡ ಬಲ್ಲವರು. ಬಾಂದ್ರಾ, ಖಾರ್‌ಗಳ ಇಂಡಿ ಕಾರ್ಯಕ್ರಮಗಳಲ್ಲಿ ಕನ್ನಡ ಬಲ್ಲವರು ಅಪರೂಪ. ಒಂದೇ ಊರಿನ ಈ ಎರಡು ಬಗೆಯ ಕೇಳುಗರ ನಡುವೆ ಹೋಗಿಬರುವ ದಾರಿ ಬಹುತೇಕ ಇಲ್ಲ. ಗಿಟಾರಿನೊಂದಿಗೆ ಕನ್ನಡದಲ್ಲಿ ಸ್ವಂತ ಹಾಡು ಕಟ್ಟುವ ಡೊಂಬಿವಲಿಯ ಹುಡುಗಿ ಎಲ್ಲಿ ಹಾಡಬೇಕು? ಮಾಟುಂಗದ ಅಸೋಸಿಯೇಶನ್ ಸಭಾಂಗಣ ತಿಂಗಳಿಗೊಂದು ಸಂಜೆ ಅವಳಿಗೆ ಮೀಸಲಾಗಿ, ಆಹ್ವಾನ ಹಿಂದಿ, ಮರಾಠಿಯಲ್ಲೂ ಹೋದರೆ, ಬಾಡಿಗೆಯ ಭಯವಿಲ್ಲದ ವೇದಿಕೆಯೊಂದು ನಗರಕ್ಕೆ ದಕ್ಕುತ್ತದೆ. ಭಾಷೆ ತಿಳಿಯದೆಯೂ ಕೇಳುವವರಿದ್ದಾರೆ: ಧಾರಾವಿಯ ಸೆವೆನ್ ಬಂಟಾಯ್ಸ್ ತಂಡ ಹಿಂದಿ, ಮರಾಠಿಯ ಜೊತೆ ತಮಿಳಿನಲ್ಲೂ ರ್‍ಯಾಪ್ ಮಾಡುತ್ತದೆ. ತಮಿಳು ಬಾರದ ಹುಡುಗರೂ ಅದನ್ನು ಕೇಳುತ್ತಾರೆ. ಹೊಸ ಕನ್ನಡ ದನಿಗಳನ್ನು ಹುಡುಕಲು ಒಂದು ನೆಲೆಯೂ ಇದೆ: ಮುಂಬೈ ಮಹಾನಗರಪಾಲಿಕೆಯ ಶಾಲೆಗಳು ಪಾಠ ಹೇಳುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆ ಕನ್ನಡ ತರಗತಿಗಳಿಂದ ಹೊರಬಂದವರು ಯಾವ ಭಾಷೆಯಲ್ಲಿ ಹಾಡು ಕಟ್ಟುತ್ತಿದ್ದಾರೆ, ಎಲ್ಲಿ ಹಾಡುತ್ತಿದ್ದಾರೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ದಾಖಲಿಸುವ ಕೆಲಸ ಇಲ್ಲಿನ ಕನ್ನಡ ಸಂಶೋಧಕರದು.