ತಂಬೂರಿಯ ಶ್ರುತಿ, ಗಾಳಿಯ ತೇವ
ಸವಾಯಿ ಗಂಧರ್ವರು (1886–1952) ಕುಂದಗೋಳದಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಗಾಯನ ಕಲಿಸಿದರು. ಆ ಪಾಠಕ್ಕೆ ಆಧಾರ ತಂಬೂರಿಯ ಶ್ರುತಿ. ಹವೆ ಅದನ್ನು ಹೇಗೆ ಕದಲಿಸುತ್ತದೆ, ನೋಡಿ. ಸೆಕೆಗೆ ಲೋಹದ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಬಿರಡೆ ತಿರುವಿದರೆ ಸರಿಹೋಗುತ್ತದೆ. ತೇವದ ಕಾಟ ಅಷ್ಟು ಸುಲಭವಲ್ಲ. ಮರವು ನೀರಾವಿ ಹೀರಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅತ್ಯಲ್ಪ. ಮಳೆಗಾಲದಲ್ಲಿ ಉಬ್ಬಿದಾಗ ಅಂಟು ಹಾಕಿ ದುರಸ್ತಿ ಮಾಡಿದ ಮರ ನವಲಗುಂದದ ಒಣ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡಬಹುದು.

ಪಿಯಾನೋ ದುರಸ್ತಿಗೂ ಇದೇ ತೊಡಕು. ಅಲ್ಲಿ ಸಾಪೇಕ್ಷ ಆರ್ದ್ರತೆಯನ್ನು ಶೇಕಡಾ 40–50ರ ಆಸುಪಾಸಿನಲ್ಲಿ ಕಾಯುತ್ತಾರೆ. ಕೋಣೆಯನ್ನು ಬರೀ ಬಿಸಿ ಮಾಡಿದರೆ ಸಾಪೇಕ್ಷ ಆರ್ದ್ರತೆ ಇಳಿದರೂ ಆವಿ ಅಲ್ಲೇ ಉಳಿಯುತ್ತದೆ. ರಾತ್ರಿ ತಣಿದೊಡನೆ ಮರ ಮತ್ತೆ ಹೀರುತ್ತದೆ. ಆದ್ದರಿಂದ ಉಷ್ಣತಾಮಾಪಕವೊಂದೇ ಸಾಲದು. ತೇವಕ್ಕೆ ಕೂದಲು ಉದ್ದವಾಗುವುದನ್ನೇ ಬಳಸಿದ ಆರ್ದ್ರತಾಮಾಪಕದ ವಿವರವನ್ನು ಜಿನೀವಾದ ಸೋಸ್ಯೂರ್ 1783ರಲ್ಲೇ ಪ್ರಕಟಿಸಿದ್ದ.